ಫಿಂಟನ್ ಕಾಕಾ ಸತ್ತ ರವಿವಾರ

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಐರಿಶ್ ನಟರಿದ್ದರು ಎಂದರೆ ಹುಬ್ಬಳ್ಳಿಯವರು ನನ್ನನ್ನು ಬಡಾಯಿಗಾರ್ತಿ ಅನ್ನುತ್ತಾರೆ. ಅನ್ನಲಿ. ಫಿಂಟನ್ ಡೆವಿನ್ ಎಂಬ ಹೆಸರನ್ನು ಫ್ರಾಂಕ್‌ಫರ್ಟಿನವರೇ ಕೇಳಿರಲಿಲ್ಲ, ನೀವೆಲ್ಲಿ ಕೇಳಿರುತ್ತೀರಿ? ಐರ್ಲೆಂಡಿನ ಸ್ಲೈಗೋದಲ್ಲಿ ಬೇಕರಿಯವರ ಮಗ. ಇಪ್ಪತ್ತಾರನೇ ವಯಸ್ಸಿಗೆ ತಿರುಗಾಟದ ನಾಟಕ ತಂಡದ ಜೊತೆ ಜರ್ಮನಿಗೆ ಬಂದರು. ತಂಡ ಮುರಿಯಿತು, ಇವರು ಉಳಿದರು. ಆಮೇಲೆ ನಲವತ್ತು ವರ್ಷ ಟಿವಿಯಲ್ಲಿ, ಇಂಗ್ಲಿಷ್ ನಾಟಕಗಳಲ್ಲಿ ಸಣ್ಣ ಪಾತ್ರಗಳು: ಪಾದ್ರಿ, ಕುಡುಕ, ಪೋಸ್ಟ್‌ಮನ್, ಹೆಚ್ಚಾಗಿ ಹೆಣ. ಹೆಣದ ಪಾತ್ರದ ಬಗ್ಗೆ ಅವರಿಗೆ ಬಲು ಹೆಮ್ಮೆ. ಮೂಗಿನ ಮೇಲೆ ನೊಣ ಕೂತರೂ ಅಲುಗಿಲ್ಲ ಎನ್ನುತ್ತಿದ್ದರು.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನನ್ನ ಗಂಡ ಉದಯಕುಮಾರ ಬಂದ ವರ್ಷವೇ ಅವರ ಪರಿಚಯವಾಯಿತು. ಒಂದು ರವಿವಾರ ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಈ ದೇಶದಲ್ಲಿ ರವಿವಾರ ಸದ್ದು ಮಾಡುವುದು ದೊಡ್ಡ ಅಪರಾಧ. ಬೆಲ್ ಆಯಿತು. ಜಗಳಕ್ಕೆ ಸಿದ್ಧಳಾಗಿಯೇ ಬಾಗಿಲು ತೆಗೆದರೆ, ಈ ಮನುಷ್ಯ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಅಂದಿನಿಂದ ನಮಗೆ ಕಾಕಾ ಆದರು.

ಮರುವರ್ಷ ದೀಪಾವಳಿಗೆ ಕನ್ನಡದವರೆಲ್ಲ ಸೇರಿ ನಾಟಕ ಆಡಬೇಕೆಂದಾಯಿತು. ಮೂವತ್ತು ವರ್ಷದಿಂದ ಇಲ್ಲೇ ಇರುವ ಗದಗಿನ ಡಾಕ್ಟರ್ ಮಹಾಲಿಂಗಪ್ಪನವರೇ ಅದನ್ನು ಬರೆದು, ನಾಯಕನಾಗಿಯೂ ನಿಂತರು. ಬ್ರಿಟಿಷ್ ಕಲೆಕ್ಟರನ ಪಾತ್ರಕ್ಕೆ ನಾನು ಕಾಕಾನ ಹೆಸರು ಹೇಳಿದೆ. ಸುದ್ದಿ ತಿಳಿಸಿದಾಗ ಕಾಕಾ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಿಂದಿನ ಚಳಿಗಾಲ ರಂಗದ ಮೇಲೆ ಮಾತು ಮರೆತು ನಿಂತುಬಿಟ್ಟಿದ್ದರಂತೆ. ಆಮೇಲೆ ಯಾರೂ ಕರೆದಿರಲಿಲ್ಲ.

"ಇದೊಂದು ಮಾಡ್ತೇನೆ. ಕೆಟ್ಟರೆ ಅಕ್ಕನ ಊರಿಗೆ ಹೋಗ್ತೇನೆ, ಮತ್ತೆ ಬಣ್ಣ ಹಚ್ಚೋದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಪಾತ್ರಕ್ಕೆ ಇದ್ದದ್ದು ಒಂದೇ ಮಾತು: "ಕಂದಾಯ ಕಟ್ಟು, ಇಲ್ಲಾ ಊರು ಬಿಡು." ಅದನ್ನು ಹೇಳಿ ಗುಂಡೇಟು ತಿಂದು ಸಾಯಬೇಕು. ಒಂದು ತಿಂಗಳು ಮೆಟ್ಟಿಲ ಮೇಲೆ ಕೂರಿಸಿ ಬಾಯಿಪಾಠ ಮಾಡಿಸಿದೆ.

ರವಿವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಪರದೆಯ ಪಕ್ಕದಲ್ಲಿ ನಾನು ಮಾತಿನ ಹಾಳೆ ಹಿಡಿದು ನಿಂತಿದ್ದೆ. ಕಾಕಾ ಮಾತನ್ನು ಸ್ವಲ್ಪವೂ ತಪ್ಪದೆ ಗುಡುಗಿದರು. ಗುಂಡು ಬಿತ್ತು. ಆಹಾ, ಆ ಸಾವು! ತೂರಾಡಿದರು, ಕುರ್ಚಿ ಹಿಡಿದರು, ಟೋಪಿ ಸರಿ ಮಾಡಿಕೊಂಡರು, ಆಮೇಲೆ ಉರುಳಿದರು. ನಮ್ಮ ಕಡೆಯ ಮಂದಿ ಎದ್ದು ನಿಂತು "ವನ್ಸ್ ಮೋರ್, ವನ್ಸ್ ಮೋರ್" ಎಂದು ಸೀಟಿ ಹೊಡೆಯತೊಡಗಿದರು.

ಕಾಕಾ ಏಳಲಿಲ್ಲ.

ಬಂದೂಕು ಹಿಡಿದ ಮಹಾಲಿಂಗಪ್ಪನವರು ಬಗ್ಗಿ ಏನೋ ಪಿಸುಗುಟ್ಟಿ, ನನ್ನ ಕಡೆ ಬಂದರು. "ಮಧುಮತಿ, ಈ ಮನಷ್ಯಾ ಏಳವಲ್ಲ ನೋಡವಾ. ಸತ್ತಾಂವ ಏಳೂದಿಲ್ಲ, ಪರದೆ ಇಳಸ್ರಿ, ನಾ ನಾಟಕ ಕೆಡಿಸಿದೆ ಅಂತಾನ."

ಇಲ್ಲಿಯ ರಂಗಮಂದಿರಗಳಲ್ಲಿ ಸೀಟಿ ಹೊಡೆದರೆ ಛೀಮಾರಿ; ಆ ಗದ್ದಲದಲ್ಲಿ 'ವನ್ಸ್ ಮೋರ್' ಕೇಳಿಸದೆ ಕಾಕಾ ಹಾಗೆಯೇ ಎಂದುಕೊಂಡಿದ್ದರು! ನಲವತ್ತು ವರ್ಷ ದುಡಿದವರು ಹೀಗೆ ಮನೆಗೆ ಹೋಗಬೇಕೇ? ಸಿಟ್ಟು ನೆತ್ತಿಗೇರಿತು. ಹಾಳೆ ಎಸೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ರಂಗದ ನಡುವೆಯೇ ಹೋಗಿ ಅವರ ಕಿವಿಗೆ ಹೇಳಿದೆ: "ಕಾಕಾ, ಚೆನ್ನಾಗಿ ಸತ್ತವರನ್ನು ನಮ್ಮೂರಲ್ಲಿ ಸುಮ್ಮನೆ ಮಲಗಲು ಬಿಡೋದಿಲ್ಲ. ಎದ್ದು ಇನ್ನೊಮ್ಮೆ ಸಾಯಿರಿ, ಅವರು ಅದನ್ನೇ ಕೇಳ್ತಿದ್ದಾರೆ."

ಒಂದು ಕಣ್ಣು ತೆರೆಯಿತು. ಕಾಕಾ ಎದ್ದರು, ಕೋಟು ಝಾಡಿಸಿದರು, ಜನರಿಗೆ ಬಾಗಿ ನಮಸ್ಕರಿಸಿದರು. ಎರಡನೇ ಸಲ ಸಾಯಲು ಮೊದಲಿಗಿಂತ ಎರಡು ಪಟ್ಟು ಹೊತ್ತು ತೆಗೆದುಕೊಂಡರು.

ಪರದೆಯ ಹಿಂದೆ, ಅಂಟಿಸಿದ ಮೀಸೆ ಕೀಳುವಾಗ ಅವರ ಕಣ್ಣು ಒದ್ದೆಯಾಗಿತ್ತು. "ನಲವತ್ತು ವರ್ಷ ಎಲ್ಲರೂ ಬೇಗ ಸಾಯಿ ಅಂದವರೇ" ಎಂದರು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ.

ಮಹಾಲಿಂಗಪ್ಪನವರು ನನಗೆ, "ಮುಂದಿನ ವರ್ಷ ಇವರಿಗೆ ಎರಡು ಪುಟ ಮಾತು ಬರೀತೀನಿ. ಆಗತೈತೇನ ಕೇಳು" ಎಂದರು.

ಕೇಳಿದೆ. ಕಾಕಾ ಕಿತ್ತ ಮೀಸೆಯನ್ನು ಮತ್ತೆ ತುಟಿಯ ಮೇಲೆ ಒತ್ತಿ ಅಂಟಿಸಿಕೊಂಡರು.

"ಮೂರು ಬರೆಯಲಿ" ಎಂದರು.