ಕೂತವಳ ಹೆಸರು

ಫ್ರೇಮ್ ಹಾಕಲು ಕೊಟ್ಟ ಚಿತ್ರವನ್ನು ಹಿಡಿದಿಟ್ಟುಕೊಂಡು, ಪೊಲೀಸರಂತೆ ವಿಚಾರಣೆ ಮಾಡುವ ಅಂಗಡಿಯವರು ನಿಮಗೆ ಯಾವತ್ತಾದರೂ ಗಂಟುಬಿದ್ದಿದ್ದಾರಾ? ನನಗೆ ಬಿದ್ದಿದ್ದರು. ಸುತ್ತಿಗೆ ಏಟಿಗೆ ಕಪ್ಪಾದ ಹೆಬ್ಬೆರಳಿನ ಉಗುರು, ತುಟಿಗಳ ನಡುವೆ ಸಾಲಾಗಿ ಮೂರು ಮೊಳೆ. ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಉಡುಪಿ ಕಡೆಯವರು, ದುಬೈನ ಸತ್ವಾದಲ್ಲಿ ಟೈಲರ್ ಅಂಗಡಿಗಳ ಮಧ್ಯೆ ಅವರದೊಂದು ಗೂಡು. ನಮಗೆಲ್ಲ ಫ್ರೇಮ್ ಅಂಕಲ್.

ತೊಂಬತ್ತರ ದಶಕದ ಕೊನೆ. ನಾನು ಮೈಸೂರಿನಿಂದ ಬಂದು ಐದು ತಿಂಗಳು, ಪ್ರೊಬೇಷನ್ ಮುಗಿದಿರಲಿಲ್ಲ. ಬಾಸ್ ಸ್ಪೇನಿನ ಹೆಂಗಸು, ಸಣ್ಣ ತಪ್ಪಿಗೂ ಜನರನ್ನು ಊರಿಗೆ ಕಳಿಸಿದವರು. ಅವರ ಮನೆಯ ಗೋಡೆಗೆಂದು ಒಂದು ಪ್ರಿಂಟ್ ಕೊಟ್ಟು, ಗುರುವಾರದ ಪಾರ್ಟಿಗೆ ಫ್ರೇಮ್ ಆಗಿರಬೇಕು ಅಂದರು. ಅವರ ದೇಶದ ಸಿಂಬಲಿಸ್ಟ್ ಕಲಾವಿದನೊಬ್ಬನ ಚಿತ್ರ. ಕಪ್ಪು ನೀರಿನ ದಡದಲ್ಲಿ, ಬಿಳಿ ಹೂಗಳ ನಡುವೆ ಬೆತ್ತಲೆ ಕೂತ ಹೆಣ್ಣು.

ಅಂಕಲ್‌ಗೋ ಒಂದು ದರಿದ್ರ ಹಟ. ಚಿತ್ರದಲ್ಲಿರುವವರ ಹೆಸರನ್ನು ಫ್ರೇಮಿನ ಹಿಂದೆ ಬರೆಯದೆ ಕೊಡುತ್ತಿರಲಿಲ್ಲ. ನಾನು ಕಲಾವಿದನ ಹೆಸರು ಹೇಳಿದೆ.

"ಅವನದ್ದು ಎಂತಕ್ಕೆ? ಮೂಲೆಯಲ್ಲಿ ಅವನೇ ಸೈನ್ ಹಾಕಿದ್ದಾನಲ್ಲ. ಕೂತವಳ ಹೆಸರು ಹೇಳು ಮಾರಾಯ್ತಿ."

ಬುಧವಾರ ಹೋದರೆ ಚಿತ್ರದ ಮೇಲೆ ಸ್ನಾನದ ಟವೆಲ್. ಅಷ್ಟು ನಾಚಿಕೆಯಿದ್ದರೆ ಕೆಲಸ ಯಾಕೆ ಒಪ್ಪಿಕೊಂಡಿರಿ ಎಂದು ರೇಗಿದೆ.

"ನಾಚಿಕೆ ಎಂತದ್ದು? ಏಸಿ ಗಾಳಿ ಸೀದಾ ಅವಳ ಮೇಲೆ ಬೀಳ್ತದೆ. ಕಾಲು ಹೇಗೆ ಮುದುಡಿಕೊಂಡಿದ್ದಾಳೆ ನೋಡು."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನನ್ನ ಕೆಲಸ ಹೋಗುತ್ತದೆ ಎಂದು ಕೂಗಾಡಿದೆ. ಹೆಸರು ತಂದರೆ ಅರ್ಧ ಗಂಟೆ ಸಾಕು ಎಂದು ಮೊಳೆ ಹೊಡೆಯುತ್ತಾ ಕೂತರು.

ಗುರುವಾರ ಬೆಳಿಗ್ಗೆ ಬಾಸ್ ಮೇಡಂ ಹತ್ತಿರವೇ ಕೂತವಳ ಹೆಸರು ಕೇಳಿದೆ. ಯಾರೋ ಮಾಡೆಲ್ ಅಂದವರು, ಆಮೇಲೆ ಎದ್ದು ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದರು. ಕಲಾವಿದನ ಬಗ್ಗೆ ಪುಟಗಟ್ಟಲೆ ಇತ್ತು. ಅವಳ ಬಗ್ಗೆ ಕೊನೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಒಂದೇ ಸಾಲು: ಪಿಲಾರ್, ಬಂದರಿನಲ್ಲಿ ಮೀನು ಮಾರುತ್ತಿದ್ದವಳು.

ಓಡಿದೆ.

"ಮೀನಿನವಳಾ? ಮೊದಲೇ ಹೇಳುವುದಲ್ವಾ. ನಮ್ಮ ಮಲ್ಪೆಯವಳೇ ಆಯ್ತು."

ಹಿಂದೆ ಕನ್ನಡದಲ್ಲಿ 'ಪಿಲಾರ್' ಎಂದು ಬರೆದು ಕೊಟ್ಟರು. ಮೇಡಂ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ನನ್ನಿಂದ ಎರಡು ಸಲ ಓದಿಸಿದರು. ನನ್ನ ಕೆಲಸ ಉಳಿಯಿತು. ಅಂಕಲ್ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ.

ಮರುವರ್ಷ ನನ್ನ ಅಮ್ಮ ತೀರಿಕೊಂಡರು. ಫೋಟೋ ಒಯ್ದಾಗಲೂ ಅದೇ ಪ್ರಶ್ನೆ. ಅತ್ತುಕೊಂಡೇ ಬೈದು ಹೆಸರು ಹೇಳಿದೆ. ಆಮೇಲೆ ಅಂಕಲ್ ಊರಿಗೆ ಹೋದರು, ಅಲ್ಲೇ ಹೋಗಿಬಿಟ್ಟರು ಅಂತ ಯಾರೋ ಹೇಳಿದರು. ಅವರ ಫೋಟೋ ಹಿಂದೆ ಯಾರು ಬರೆದರೋ.

ಹೋದ ವಾರ ಇಲ್ಲಿನ ಅಲ್ ನಹ್ದಾದ ನಮ್ಮ ಮನೆ ಖಾಲಿ ಮಾಡುವಾಗ ಮಗಳು ನನ್ನ ಅಮ್ಮನ ಫೋಟೋ ಇಳಿಸಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಹಿಂದೆ ಬರೆದದ್ದನ್ನು ನಾನೇ ಓದಿ ಹೇಳಿದೆ. ಪುಟ್ಟತಾಯಮ್ಮ.

"ಹೂ ಈಸ್ ದಟ್?" ಅಂದಳು.

ನಿಮ್ಮ ಗೋಡೆಯ ಫೋಟೋಗಳನ್ನೂ ಒಮ್ಮೆ ತಿರುಗಿಸಿ ನೋಡಿ. ಹಿಂದೆ ಯಾರ ಹೆಸರಿದೆ, ಯಾರು ಬರೆದದ್ದು, ಕಾಮೆಂಟಿನಲ್ಲಿ ಹೇಳಿ. ಏನೂ ಇಲ್ಲದಿದ್ದರೆ ಮೊದಲು ಬರೆದು, ಆಮೇಲೆ ಹೇಳಿ.