ಮೂರು ಗಂಟೆಯ ಚಿಲಕ

ನಮ್ಮ ದೊಡ್ಡಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಮಧ್ಯಾಹ್ನ ಮೂರಕ್ಕೆ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, ಬಾಗಿಲ ಚಿಲಕ ಹಾಕಿ, ಜಪಸರ ಹಿಡಿದು ಕೂತಳೆಂದರೆ ಪಕ್ಕದ ಮನೆ ಬಿದ್ದರೂ ಏಳುವವಳಲ್ಲ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಹೊತ್ತು ಅದು. ಐವತ್ತು ಮಣಿ, ಐವತ್ತು ಸಲ ಇಡೀ ಲೋಕಕ್ಕೆ ದೇವರ ಕರುಣೆ ಬೇಡುವುದು. ಅಷ್ಟರಲ್ಲಿ ಯಾರು ಬಂದರೂ ಹೊರಗೇ ಕಾಯಬೇಕು. "ದೇವರನ್ನ ಕಾಯಿಸ್ಬಾರ್ದು ಕಣೇ," ಎನ್ನುತ್ತಿದ್ದಳು. ಬಾಗಿಲಲ್ಲಿ ನಿಂತು ಕಾಲು ಸೋತ ಗಿರಾಕಿಗಳು ಅವಳಿಗೆ 'ಮೂರು ಗಂಟೆ ಅಮ್ಮ' ಎಂದೇ ಹೆಸರಿಟ್ಟಿದ್ದರು.

ಇಡೀ ಲೋಕ ಎಂದೆನಲ್ಲ, ಅದರಲ್ಲಿ ಒಬ್ಬನನ್ನು ಬಿಟ್ಟು. ಅವಳ ತಮ್ಮ, ನನ್ನ ಸೋದರಮಾವ, ಬಸ್ ಕಂಡಕ್ಟರ್ ಆಗಿದ್ದವನು. ಅಜ್ಜಿ ಸಾಯುವ ದಿನ ಹಾಸಿಗೆಯ ಪಕ್ಕ ಇದ್ದವನು ಅವನೊಬ್ಬನೇ. ಫಾದರನ್ನು ಕರೆಸಿ, ಸಾಯುವವರಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಕೊನೆಯ ಅಭ್ಯಂಗ ಕೊಡಿಸು ಎಂದು ಹೇಳಿ, ದೊಡ್ಡಮ್ಮ ಯಾರದೋ ಮದುವೆ ಬಟ್ಟೆ ಒಪ್ಪಿಸಲು ಹೋಗಿದ್ದಳು. "ಅಮ್ಮ ಮಲಗಿದ್ಲು, ಸ್ವಲ್ಪ ಕಾಯೋಣ ಅಂದ್ಕೊಂಡೆ," ಎಂದ ಅವನು. ಫಾದರ್ ಬರುವಷ್ಟರಲ್ಲಿ ಅಜ್ಜಿ ತಣ್ಣಗಾಗಿದ್ದಳು. ಅಂದಿನಿಂದ ಹನ್ನೊಂದು ವರ್ಷ ದೊಡ್ಡಮ್ಮ ಅವನ ಜೊತೆ ಮಾತು ಬಿಟ್ಟಳು. ಒಂದೇ ಚರ್ಚಿನಲ್ಲಿ ಅವಳು ಮುಂದಿನ ಬೆಂಚಿನಲ್ಲಿ, ಅವನು ಕೊನೆಯ ಕಂಬದ ಹಿಂದೆ.

ಕಳೆದ ವರ್ಷ ಮಾವನಿಗೆ ಶ್ವಾಸಕೋಶ ಕೆಟ್ಟಿದೆ ಎಂಬ ಸುದ್ದಿ ಬಂತು. ದೊಡ್ಡಮ್ಮ ಕೇಳಿಸಿಕೊಂಡು ಸೂಜಿಗೆ ದಾರ ಪೋಣಿಸಿದಳು.

ಒಂದು ಗುರುವಾರ ಜಪ ಶುರುವಾದ ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಆಮೇಲೆ ಕೆಮ್ಮು. "ಅಕ್ಕಾ, ನಾನು. ಒಂದ್ ಮಾತಾಡ್ಬೇಕಿತ್ತು."

ಗುಂಡಿ ಹಚ್ಚುತ್ತಿದ್ದ ನಾನು ಅರ್ಧ ಎದ್ದೆ. ದೊಡ್ಡಮ್ಮ ಕಣ್ಣು ಬಿಡದೆಯೇ ಕೂರು ಎಂದು ಕೈ ಮಾಡಿದಳು. ನಾನು ಕೂತೆ. ನನ್ನ ಹೇಡಿತನಕ್ಕಿಷ್ಟು ಬೆಂಕಿ ಹಾಕ! ಅವಳು ಜಪ ನಿಲ್ಲಿಸಲಿಲ್ಲ, ನಿಧಾನ ಮಾಡಿದಳು. ಏಳೆಂಟು ನಿಮಿಷದಲ್ಲಿ ಮುಗಿಯುವುದು ಅಂದು ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ಕೆಮ್ಮು, ಒಳಗೆ ಕರುಣೆ ತೋರು, ಕರುಣೆ ತೋರು.

ಚಿಲಕ ತೆಗೆದಾಗ ಮೆಟ್ಟಿಲ ಮೇಲೆ ಒಂದು ಕೈಚೀಲ ಮಾತ್ರ ಇತ್ತು. ಒಳಗೆ ಬಿಳಿ ಅಂಗಿ, ಕಾಲರಿನ ಅಂಚು ಸವೆದದ್ದು. ಹಿಂದೆಲ್ಲ ಅವನ ಅಂಗಿಗಳ ಕಾಲರ್ ಬಿಚ್ಚಿ, ಸವೆದ ಮಗ್ಗುಲು ಒಳಕ್ಕೆ ಹೋಗುವಂತೆ ಮಗುಚಿ ಹೊಲಿದುಕೊಡುತ್ತಿದ್ದವಳು ಇವಳೇ. ಮಾತಾಡಲು ಬಂದವನಿಗೆ ಒಂದು ನೆಪ ಬೇಕಿತ್ತು, ಪಾಪ.

ಅಂದೇ ಸಂಜೆ ಅದನ್ನು ಹೊಲಿದು, ಇಸ್ತ್ರಿ ಮಾಡಿ, ಗೋಡೆಯ ಮೊಳೆಗೆ ತೂಗುಹಾಕಿದಳು.

"ನಾನು ಕೊಟ್ಟು ಬರ್ಲಾ ದೊಡ್ಡಮ್ಮ?"

"ಬೇಕಾದವ್ನೇ ಬಂದು ತಗೊಂಡ್ಹೋಗ್ಲಿ. ಸ್ವಲ್ಪ ಕಾಯೋಣ."

ಭಾನುವಾರ ಸಾವಿನ ಸುದ್ದಿ ಬಂತು. ಅಂಗಿಯನ್ನು ಅವಳೇ ಒಯ್ದಳು. ಪೆಟ್ಟಿಗೆಯಲ್ಲಿ ಇಡುವ ಮುನ್ನ ತಾನೇ ತೊಡಿಸಿ, ಕೊರಳ ಗುಂಡಿ ಹಾಕಿದಳು. ಕಾಲರ್ ಚೆನ್ನಾಗಿ ಕೂತಿತ್ತು. ಅದನ್ನೇ ಸವರುತ್ತ ನಿಂತವಳನ್ನು ಇಬ್ಬರು ಹಿಡಿದು ಈಚೆ ತರಬೇಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಕೂರು ಎಂದಾಗ ಕೂತವಳು ನಾನೇ ಅಲ್ಲವೇ?

ಈಗಲೂ ಮೂರಕ್ಕೆ ಮಣಿ ಹಿಡಿಯುತ್ತಾಳೆ, ಆದರೆ ಬಾಗಿಲು ಹಾರುಹೊಡೆದಿರುತ್ತದೆ. ಬೀದಿಯಲ್ಲಿ ಯಾರು ಕೆಮ್ಮಿದರೂ ಎದ್ದು ಹೋಗಿ ನೋಡುತ್ತಾಳೆ. ಐವತ್ತು ಮಣಿ ಪೂರ್ತಿ ಆದದ್ದನ್ನು ನಾನು ಕಂಡಿಲ್ಲ. ಮೊನ್ನೆ ಹಾಗೆ ಎದ್ದಾಗ ತಡೆಯಲಾರದೆ, "ಇನ್ನು ಹತ್ತೇ ಮಣಿ, ಮುಗಿಸ್ಬಿಡು ದೊಡ್ಡಮ್ಮ," ಎಂದೆ.

"ದೇವರು ಕಾಯ್ತಾನೆ ಬಿಡೇ," ಎಂದು ಜಪಸರವನ್ನು ಯಂತ್ರದ ಮೇಲಿಟ್ಟು ಬಾಗಿಲಿಗೆ ನಡೆದಳು.