ದಿಬ್ಬದಾಚೆಯ ಟ್ಯಾಪೆಟ್ ಸದ್ದು

ಮೂರು ತಿಂಗಳ ಹಿಂದೆ ಕುವೈಟಿನ ಅಬ್ಬಾಸಿಯಾದ ನಮ್ಮ ಕಟ್ಟಡದ ಕೆಳಗೆ, ಪಕ್ಕದ ಮನೆಯವರ ಬೈಕಿನ ಮುಂದಿನ ಶಾಕ್ ಅಬ್ಸಾರ್ಬರ್ ಸೋರಿ ನೆಲದ ಮೇಲೆ ಎಣ್ಣೆ ಹರಡಿತ್ತು. ಹಳೆಯ ಶಾಕ್ ಆಯಿಲ್ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ, ಕೆಟ್ಟ ಮೀನಿನ ಬುಟ್ಟಿ ತೆರೆದ ಹಾಗೆ. ಲಿಫ್ಟಿನ ಗುಂಡಿ ಒತ್ತಿದವನು ಹಾಗೇ ನಿಂತುಬಿಟ್ಟೆ. ಹದಿನಾಲ್ಕು ವರ್ಷ ನೆನಪಿಗೆ ಬಾರದ ಹಾಗೆ ನೋಡಿಕೊಂಡಿದ್ದ ಒಬ್ಬರು ಎದುರಿಗೆ ಬಂದು ಕೂತಂತಾಯಿತು…

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬಾಗಲಕೋಟೆ ಕಡೆಯಿಂದ ಐಟಿಐ ಮುಗಿಸಿ ಬಂದ ನಾನು ಕುವೈಟಿನ ರಾಯ್ ಎಂಬ ಪ್ರದೇಶದ ಒಂದು ಬೈಕ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಅಲ್ಲಿನ ಹಿರಿಯ ಮೇಸ್ತ್ರಿ ಪುತ್ತೂರು ಕಡೆಯ ಬ್ಯಾರಿ. ಎಲ್ಲರಿಗೂ ಉಸ್ತಾದ್, ನನಗೆ ಚಾಚಾ. ಅವರ ಬಟ್ಟೆಗೆ ಸದಾ ಅದೇ ಶಾಕ್ ಆಯಿಲ್ ವಾಸನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಕೆಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಬಿಚ್ಚಿ ನೋಡಿದರೆ ಅವರು ಹೇಳಿದ ದೋಷವೇ ಇರುತ್ತಿತ್ತು.

ಒಂದು ದಿನ ಒಬ್ಬ ಕುವೈಟಿ ಗಿರಾಕಿ ಬಂದ. ಮೂವತ್ತರ ಆಸುಪಾಸು, ಬ್ಯಾಂಕಿನಲ್ಲಿ ಕೆಲಸ, ನಮ್ಮಂಥವರಿಗೂ ತಾನೇ ಮೊದಲು ಸಲಾಂ ಹೇಳುವ ಮನುಷ್ಯ. ಅವನಿಗೆ ಹೈವೇಯಲ್ಲೂ ಮರಳಿನಲ್ಲೂ ಓಡುವ ಬೈಕು ಬೇಕಿತ್ತು. ಎರಡು ಗಾಡಿ ಅವನ ಮನಸ್ಸಿನಲ್ಲಿದ್ದವು, ಎರಡನ್ನೂ ತಂದು ಚಾಚಾ ಮುಂದೆ ನಿಲ್ಲಿಸಿದ.

ಒಂದು ಹೊಸ ಕಾಲದ್ದು, ರೇಡಿಯೇಟರ್ ಇದ್ದದ್ದು. ಅದರ ಶಾಕ್ ಎಷ್ಟು ಮೆತ್ತಗೆಂದರೆ ಹೊಂಡದ ಮೇಲೆ ಹೋದರೂ ದೋಣಿಯಲ್ಲಿ ಕೂತಂತೆ. ಆದರೆ ಮೇಲಿಂದ ಮೇಲೆ ಎಂಜಿನ್ ಆಯಿಲ್ ಬದಲಿಸಬೇಕು, ವಾಲ್ವ್ ಸರಿಮಾಡಬೇಕಾದರೆ ಅರ್ಧ ಎಂಜಿನ್ ಬಿಚ್ಚಬೇಕು, ಒಂದು ಕಲ್ಲು ಸಿಡಿದು ರೇಡಿಯೇಟರ್ ತೂತಾದರೆ ಅಲ್ಲೇ ನಿಂತಿತು. ಇನ್ನೊಂದು ಹಳೆಯ ನಮೂನೆಯದು, ಗಾಳಿಯಿಂದಲೇ ತಣ್ಣಗಾಗುವಂಥದ್ದು. ಭಾರ ಹೆಚ್ಚು, ಬ್ರೇಕ್ ಹಿಡಿದರೆ ಮೂತಿ ಕೆಳಗಿಳಿಸುತ್ತದೆ, ಕಲ್ಲಿನ ದಾರಿಯಲ್ಲಿ ಮಣಿಕಟ್ಟು ನೋಯುತ್ತದೆ. ಆದರೆ ವಾಲ್ವ್ ತಳ್ಳುವ ಟ್ಯಾಪೆಟ್ ಸರಿಮಾಡಲು ಒಂದು ಪಾನಾ, ಒಂದು ಸ್ಕ್ರೂಡ್ರೈವರ್ ಸಾಕು.

ಗ್ಯಾರೇಜಿನ ಹಿಂದಿನ ಜಲ್ಲಿ ಬಯಲಿನಲ್ಲಿ ಚಾಚಾ ಎರಡನ್ನೂ ಓಡಿಸಿ ಬಂದರು. ಗಿರಾಕಿಗೆ ಮೆತ್ತನೆಯ ಶಾಕಿನದೇ ಇಷ್ಟವಾಗಿತ್ತು. ಚಾಚಾ ಹಳೆಯದರ ಟ್ಯಾಂಕ್ ತಟ್ಟಿ, ತಮ್ಮ ಅರಬ್ಬಿಯಲ್ಲಿ ಹೇಳಿದರು, ಇದು ನಿನ್ನ ಕೈ ಬಿಡುವುದಿಲ್ಲ ಎಂದು. ಅವನು ನಕ್ಕು ಅದನ್ನೇ ಕೊಂಡ.

ಮುಂದಿನ ಚಳಿಗಾಲದಲ್ಲಿ ಒಂದು ಗುರುವಾರ ಬಂದು ಚೈನ್ ಬಿಗಿ ಮಾಡಿಸಿಕೊಂಡ. ಟ್ಯಾಪೆಟ್ ಸ್ವಲ್ಪ ಸಡಿಲವಾಗಿ, ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್ ಅನ್ನುತ್ತಿತ್ತು. ಅದರಿಂದ ಗಾಡಿಗೆ ತೊಂದರೆಯಿಲ್ಲ, ಬರುವ ವಾರ ಮಾಡೋಣ ಎಂದರು ಚಾಚಾ. ಮರುದಿನ ಅವನು ಒಬ್ಬನೇ ಮುತ್ಲಾ ದಿಬ್ಬ ದಾಟಿ ಮರುಭೂಮಿಗೆ ಹೋದ. ಮಧ್ಯಾಹ್ನ ಧೂಳು ಎದ್ದಿತು. ಅವನು ವಾಪಸ್ ಬರಲಿಲ್ಲ.

ಬೈಕು ಮೂರನೇ ದಿನ ಸಿಕ್ಕಿತು. ಬೀಳಿಸಿ ಹೋದದ್ದಲ್ಲ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದು. ಪೆಟ್ರೋಲ್ ಇತ್ತು, ಕೀ ಅದರಲ್ಲೇ ಇತ್ತು. ಪೊಲೀಸರು ಒದ್ದರೆ ಒಂದೇ ಕಿಕ್ಕಿಗೆ ಶುರುವಾಯಿತಂತೆ. ಸುತ್ತ ಎಷ್ಟು ಹುಡುಕಿದರೂ ಅವನ ಸುಳಿವಿರಲಿಲ್ಲ.

ತನಿಖೆ ಮುಗಿದ ಮೇಲೆ ಅವನ ತಂದೆ ಆ ಬೈಕನ್ನು ನಮ್ಮಲ್ಲಿಗೆ ತಂದರು. ಮನೆಯಲ್ಲಿ ಅದನ್ನು ನೋಡಲಾಗುತ್ತಿಲ್ಲ, ನಿಮ್ಮಲ್ಲೇ ಇರಲಿ, ಆದರೆ ಓಡಿಸುತ್ತಾ ಇರಿ, ಮಗ ಬಂದಾಗ ಕೆಟ್ಟಿರಬಾರದು ಎಂದರು. ಚಾಚಾ ಅಂದೇ ಟ್ಯಾಪೆಟ್ ಸರಿಮಾಡಿದರು. ಎಂಜಿನ್ ಗಡಿಯಾರದ ಹಾಗೆ ನಡೆಯಿತು.

ಆಮೇಲೆ ಪ್ರತಿ ಶನಿವಾರ ನಾನೊಂದು ಗಮನಿಸತೊಡಗಿದೆ. ವಾರವಿಡೀ ಮೂಲೆಯಲ್ಲಿ ನಿಂತ ಆ ಬೈಕಿನ ಏರ್ ಫಿಲ್ಟರಿನಲ್ಲಿ ಹೊಸ ಮರಳು. ಕೊನೆಗೆ ಚಾಚಾನನ್ನೇ ಕೇಳಿದೆ.

“ನಾನೇ ಕೊಂಡು ಹೋಗುವುದು ಮಾರಾಯ, ಶುಕ್ರವಾರ ಶುಕ್ರವಾರ, ಅವನನ್ನು ಹುಡುಕ್ಲಿಕ್ಕೆ,” ಅಂದರು. “ಆ ಇನ್ನೊಂದು ಗಾಡಿ ಆಗಿದ್ರೆ ರೋಡಿನ ಹತ್ತಿರವೇ ಕೆಟ್ಟು ನಿಲ್ತಿತ್ತು, ಅವ ಬದುಕ್ತಿದ್ದ. ಇದು ಕೆಡ್ಲಿಲ್ಲ. ಅಷ್ಟು ದೂರ ಕೊಂಡು ಹೋಯ್ತು. ಇದನ್ನು ತೆಗೆದುಕೊಳ್ಳಲಿಕ್ಕೆ ಹೇಳಿದ್ದು ಯಾರು?” ಆಮೇಲೆ ದನಿ ತಗ್ಗಿಸಿ ಅಂದರು, “ಈ ಶುಕ್ರವಾರ ನೀನೂ ಬಾ. ನಂಗೆ ಒಂದು ಸದ್ದು ಕೇಳ್ತದೆ ಅಲ್ಲಿ. ನಿಂಗೂ ಕೇಳ್ತದಾ ನೋಡ್ಬೇಕು.”

ಹಿಂದಿನ ಸೀಟಿನಲ್ಲಿ ಕೂತು ಹೋದೆ. ಬೈಕು ಸಿಕ್ಕ ಜಾಗದಲ್ಲಿ ಚಾಚಾ ಕೀ ತಿರುಗಿಸಿ ಎಂಜಿನ್ ಆರಿಸಿದರು. ನಟ್ಟನಡು ಮಧ್ಯಾಹ್ನ, ಗಾಳಿಯಿಲ್ಲ, ಒಂದು ಒಂಟೆಯೂ ಇಲ್ಲ. ಬಿಸಿ ಸೈಲೆನ್ಸರ್ ಕಟಕಟ ಅಂದು ಸುಮ್ಮನಾಯಿತು. ಆಮೇಲೆ ಎಡಗಡೆಯ ಸಣ್ಣ ದಿಬ್ಬದಾಚೆ ಒಂದು ಎಂಜಿನ್ ನಿಂತಲ್ಲೇ ಓಡುವ ಸದ್ದು. ಡುಗ್ ಡುಗ್ ಡುಗ್… ನಡುನಡುವೆ ಸಡಿಲ ಟ್ಯಾಪೆಟ್, ಟಿಕ್ ಟಿಕ್.

ನಮ್ಮ ಎಂಜಿನ್ ಮೇಲೆ ಕೈಯಿಟ್ಟು ನೋಡಿದೆ. ಸುಡುತ್ತಿತ್ತು, ಅಲುಗಾಡುತ್ತಿರಲಿಲ್ಲ.

“ಇದೇ ಗಾಡಿ,” ಅಂದರು ಚಾಚಾ. “ಆ ಗುರುವಾರದ ಸದ್ದು. ನಾನು ಇಲ್ಲಿ ಎಷ್ಟು ಸಲ ಟ್ಯಾಪೆಟ್ ಸರಿ ಮಾಡಿದ್ರೂ ಅಲ್ಲಿ ಅದು ಹಾಗೆಯೇ ಉಂಟು.”

ದಿಬ್ಬ ಹತ್ತಿದೆವು. ಆಚೆ ಆಕಾಶದ ಅಂಚಿನವರೆಗೆ ಬರೀ ಜಲ್ಲಿ ನೆಲ. ಸದ್ದು ಈಗ ಇನ್ನಷ್ಟು ದೂರದಿಂದ ಬರುತ್ತಿತ್ತು. ಚಾಚಾ ಅದರ ಕಡೆಗೆ ಹೆಜ್ಜೆ ಇಟ್ಟರು. ನಾನು ಅವರ ತೋಳು ಹಿಡಿದುಕೊಂಡೆ.

“ಬ್ಯಾಡ್ರಿ ಚಾಚಾ, ನಿಮ್ಮ ಕಾಲಿಗೆ ಬೀಳ್ತೀನಿ. ತಿರುಗಿ ಹೋಗೂಣು ನಡೀರಿ.”

ನನ್ನ ಮುಖ ನೋಡಿ ಬೈಕಿನತ್ತ ತಿರುಗಿದರು. ಮುಂದಿನ ಶುಕ್ರವಾರ ನಾನು ಜ್ವರ ಅಂದೆ. ಅದರ ಮುಂದಿನ ಶುಕ್ರವಾರ ಏನನ್ನೂ ಅನ್ನಲಿಲ್ಲ, ಹೋಗಲೂ ಇಲ್ಲ.

ಐದನೆಯದೋ ಆರನೆಯದೋ ವಾರ ಚಾಚಾನಿಗೆ ಆ ಗಿರಾಕಿಯ ಶವ ಸಿಕ್ಕಿತು. ಇರಾಕ್ ದಾಳಿಯ ಯುದ್ಧಕಾಲದಲ್ಲಿ ತೋಡಿದ ಹೊಂಡವೊಂದು, ಮಳೆಗಾಲದ ಚರಂಡಿಯಷ್ಟು ಅಗಲ, ಪಕ್ಕ ಕುಸಿದು ಮರಳು ತುಂಬಿತ್ತು. ಧೂಳಿನಿಂದ ತಪ್ಪಿಸಿಕೊಳ್ಳಲು ಇಳಿದಿದ್ದನೋ ಏನೋ. ಹುಡುಕುವವರು ಎಷ್ಟೋ ಸಲ ದಾಟಿ ಹೋಗಿದ್ದ ಜಾಗ. ಬಟ್ಟೆಯ ತುದಿ ಕಂಡಿತು ಎಂದು ಚಾಚಾ ಪೊಲೀಸರಿಗೆ ಹೇಳಿದರು. ನನ್ನೊಬ್ಬನಿಗೆ ಹೇಳಿದ್ದೇ ಬೇರೆ. “ಹತ್ತಿರ ಹೋದ ಹಾಗೆ ಜೋರಾಯ್ತು. ನನ್ನ ಕಾಲ ಬುಡದಲ್ಲಿ, ಯಾರೋ ಕೀ ತಿರುಗಿಸಿದ ಹಾಗೆ ನಿಂತಿತು.”

ಅವನ ತಂದೆ ಗ್ಯಾರೇಜಿಗೆ ಬಂದಾಗ ಚಾಚಾ ಎದ್ದು ನಿಂತು, ಈ ಗಾಡಿ ತೆಗೆದುಕೊಳ್ಳಲು ಹೇಳಿದ್ದು ನಾನೇ ಎಂದು ಒಪ್ಪಿಕೊಂಡರು. ಆ ಮುದುಕರು ಅವರ ಗ್ರೀಸ್ ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು “ಖಲಾಸ್… ಖಲಾಸ್” ಅಂದರು, ಆಯಿತು ಬಿಡು ಎಂಬಂತೆ. ಮಗನನ್ನು ಮಣ್ಣು ಮಾಡಲಾದರೂ ಆಯಿತು ಎಂದರು. ಬೈಕನ್ನು ಪಿಕಪ್ಪಿಗೆ ಏರಿಸಿಕೊಂಡು ಹೋದರು.

ಅದಾಗಿ ಒಂದು ವಾರಕ್ಕೆ ಗಿರಾಕಿಯೊಬ್ಬ ಎಂಜಿನ್ನಿನಲ್ಲಿ ಸದ್ದು ಬರುತ್ತಿದೆ ಎಂದು ಬೈಕು ತಂದ. ಟ್ಯಾಪೆಟ್ ಸಡಿಲವಾದದ್ದು ನನಗೆ ಬಾಗಿಲಿನಿಂದಲೇ ಕೇಳುತ್ತಿತ್ತು. ಚಾಚಾ ಸ್ಕ್ರೂಡ್ರೈವರ್ ಕಿವಿಗಿಟ್ಟು ತುಂಬಾ ಹೊತ್ತು ಕೂತು, ಮತ್ತೆ ನನ್ನನ್ನು ನೋಡಿ, “ಎಂತ ಸದ್ದು ಅದು? ನಂಗೆ ಎಂತದೂ ಕೇಳುವುದಿಲ್ಲಲ್ಲ…” ಅಂದರು. ಮಾತು ಕೇಳುತ್ತಿತ್ತು, ಬಾಂಗು ಕೇಳುತ್ತಿತ್ತು. ಆ ಟಿಕ್ ಟಿಕ್ ಒಂದು ಮಾತ್ರ ಹೋಗಿಬಿಟ್ಟಿತ್ತು.

ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟರು. ಗ್ಯಾರೇಜಿನ ನಾಲ್ಕೈದು ಮಂದಿ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ಅಷ್ಟು ಹೊತ್ತಿಗೆ ದಿಬ್ಬದಾಚೆಯ ಸದ್ದಿನ ಕತೆ ಹೇಗೋ ಹೊರಬಿದ್ದು, ಉಸ್ತಾದನ ತಲೆ ಕೆಟ್ಟಿದೆ ಎಂಬ ಮಾತು ಹಬ್ಬಿತ್ತು. ಎಲ್ಲರೆದುರು ಅವರು ನನ್ನ ಹೆಗಲು ಹಿಡಿದು ಕೇಳಿದರು, “ಆ ದಿವಸ ನಿಂಗೂ ಕೇಳಿದ್ದು ಹೌದಲ್ವಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಗಾಳಿ ಇದ್ದಿರಬೇಕ್ರಿ ಚಾಚಾ,” ಅಂದೆ.

ಅವರು ತಲೆಯಾಡಿಸಿ, ಬ್ಯಾಗು ಎತ್ತಿಕೊಂಡು ಒಳಗೆ ಹೋದರು. ನಾನು ಅವರನ್ನು ಮತ್ತೆ ನೋಡಲಿಲ್ಲ.

ಈ ಸಲದ ರಜೆಯಲ್ಲಿ ಮಂಗಳೂರಿಗೆ ಇಳಿದು, ಕೇಳಿಕೊಂಡು ಕೇಳಿಕೊಂಡು ಅವರ ಮನೆ ಮುಟ್ಟಿದೆ. ಚಾಚಾ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಚಹಾ ತಂದಿಟ್ಟು, ನಾನು ಬಾಗಲಕೋಟೆಯವನು ಎಂದಾಗ ಅಲ್ಲೇ ನಿಂತಳು.

“ಅಪ್ಪ ಹೇಳ್ತಿದ್ರು, ಕುವೈಟಿನಲ್ಲಿ ಒಬ್ಬ ಬಾಗಲಕೋಟೆಯವ ಇದ್ದ, ಅವನಿಗೂ ಆ ಸದ್ದು ಕೇಳಿತ್ತು, ಹೆದರಿ ಇಲ್ಲ ಅಂದ, ಪಾಪ ಅಂತ. ಅದು ನೀವಾ?”

“ನಾನೇ ತಂಗಿ. ನನಗೂ ಕೇಳಿಸಿತ್ತು.”

ಅವಳು ಒಳಗೆ ಹೋಗಿ ಅದನ್ನು ತಮ್ಮ ಭಾಷೆಯಲ್ಲಿ ತಾಯಿಗೆ ಹೇಳಿದಳು. ಆ ತಾಯಿ, ಊಟ ಮಾಡಿಕೊಂಡು ಹೋಗಲು ಹೇಳು ಎಂದರಂತೆ. ಉಂಡೆ. ಚಾಚಾ ನನ್ನನ್ನು ಎಂದೋ ಕ್ಷಮಿಸಿದ್ದರು. ಹೇಳಬೇಕಾದ್ದನ್ನು ಕೇಳಿಸಿಕೊಳ್ಳಲು ಮಾತ್ರ ಅವರು ಇರಲಿಲ್ಲ.